ಅಜೆನೋರನ ವ್ಯಾನಿಗೆ ಹೊಸ ಚಕ್ರ

ಎಲ್ಲದಕ್ಕೂ ಮೂಲ, ಡೋನ ಜಂದೀರಾ ಬೇಕರಿಯ ಮುಂದೆ ಬ್ರೆಡ್ಡಿನ ಚೀಲ ಹಿಡಿದು ನಿಂತು ಆಡಿದ ಒಂದು ಮಾತು.

"ಶನಿವಾರ ಸಮುದ್ರದ ದಂಡೇಲಿ ಮೀನಿನ ಹಬ್ಬ ಅಂತೆ. ತೈನ್ಯಾ ಮೀನನ್ನ ಸೀಳಿ ಕೆಂಡದ ಮೇಲೆ ಸುಡ್ತಾರಂತೆ. ಹೋಗೋಕೆ ಆಸೆಯೇನೋ ಇದೆ," ಅಂದಳು ಆಕೆ.

ಅಜೆನೋರ ಗಂಟಲು ಸರಿಮಾಡಿಕೊಂಡ. ಎದುರು ಮನೆಯ ಈ ಹೆಂಗಸು ಹೀಗೊಂದು ಆಸೆ ಹೇಳಲಿ ಎಂದು ಅವನು ಕಳೆದ ಚಳಿಗಾಲದಿಂದ ಕಾದಿದ್ದ. "ನನ್ನ ಕೊಂಬಿ ವ್ಯಾನು ಇದೆಯಲ್ಲ," ಅಂದ.

ಜಂದೀರಾ ರಸ್ತೆಯ ಆಚೆ ನಿಂತಿದ್ದ ಆ ಮುದಿ ಬಿಳಿ ವ್ಯಾನನ್ನು ಮೇಲಿಂದ ಕೆಳಕ್ಕೆ ನೋಡಿದಳು. ನೋಟ ಚಕ್ರಗಳ ಮೇಲೆ ಬಂದು ನಿಂತಿತು.

"ಆ ಚಕ್ರದ ಮೇಲಾ? ಮೊನ್ನೆ ಇಳಿಜಾರಲ್ಲಿ ನೀವು ಬರೋದು ನೋಡ್ದೆ. ಮೊಟ್ಟೆ ಇಡೋಕೆ ಜಾಗ ಹುಡುಕೋ ಕೋಳಿ ಥರ ವಾಲಾಡ್ತಾ ಇತ್ತು. ಒಳ್ಳೇ ಚಕ್ರ ಹಾಕ್ಸಿ ಅಜೆನೋರ್, ಬರ್ತೀನಿ."

ಬರ್ತೀನಿ ಅಂದುಬಿಟ್ಟಳಲ್ಲ! ಅಜೆನೋರನಿಗೆ ಅಂದು ತಾನು ಬ್ರೆಡ್ಡು ಕೊಳ್ಳಲು ಬಂದಿದ್ದೇ ಮರೆತುಹೋಯಿತು. ಬರಿಗೈಯಲ್ಲಿ ಮನೆಗೆ ಹೋದ.

ನಿಜ ಹೇಳಬೇಕೆಂದರೆ, ಹಳೆಯ ಕಬ್ಬಿಣದ ಚಕ್ರಗಳಲ್ಲಿ ಒಂದು ಮಾತ್ರ ಎಂದೋ ಹಳ್ಳಕ್ಕೆ ಬಿದ್ದು ಸೊಟ್ಟಗಾಗಿತ್ತು. ಅದನ್ನು ಬಡಿದು ನೆಟ್ಟಗೆ ಮಾಡಿಸಿದ್ದರೆ ಸಾಕಾಗುತ್ತಿತ್ತು. ಆದರೆ ಜಂದೀರಾ ಹೇಳಿದ್ದು 'ಒಳ್ಳೇ ಚಕ್ರ'. ಹಾಗಾಗಿ ಅಜೆನೋರ ಗುಜರಿಗೆ ಹೋಗಿ, ಯಾವುದೋ ದೊಡ್ಡ ಕಾರಿನಿಂದ ಬಿಚ್ಚಿಟ್ಟಿದ್ದ, ಮುಖ ಕಾಣುವಷ್ಟು ಮಿರಿಮಿರಿ ಮಿಂಚುವ ನಾಲ್ಕು ಅಲ್ಯೂಮಿನಿಯಂ ಚಕ್ರಗಳನ್ನು ಟೈರಿನ ಸಮೇತ ತಂದ. ಬೋಲ್ಟು ಹಾಕುವ ಐದು ತೂತು ಇದಕ್ಕೂ ಇತ್ತು, ಅದಕ್ಕೂ ಇತ್ತು. ತೂತುಗಳ ನಡುವಿನ ಅಂತರವನ್ನು ಟೇಪು ಹಿಡಿದು ಅಳೆದ, ಸರಿಯಾಗಿತ್ತು. ಮತ್ತೆ ಅಳೆದ, ಆಗಲೂ ಸರಿಯಾಗಿತ್ತು. ಬಟ್ಟೆ ಗಿರಣಿಯಲ್ಲಿ ಥಾನುಗಳ ದೋಷ ಹುಡುಕುವುದೇ ಕೆಲಸವಾಗಿದ್ದ ಮನುಷ್ಯ. ನಿವೃತ್ತನಾದರೂ ಕಣ್ಣಿಗೆ ನಿವೃತ್ತಿ ಸಿಕ್ಕಿರಲಿಲ್ಲ.

ಹೆಂಡತಿ ತೀರಿಕೊಂಡ ಮೇಲೆ ಆ ಮನೆಯಲ್ಲಿ ಅವನು ಮತ್ತು ಒಂದು ರೇಡಿಯೊ ಮಾತ್ರ. ಅವರಿಬ್ಬರಲ್ಲಿ ಮಾತಾಡುತ್ತಿದ್ದುದು ರೇಡಿಯೊ. ಪ್ರತಿದಿನ ಬೆಳಗ್ಗೆ ಅಭ್ಯಾಸಬಲದಿಂದ ಎರಡು ಬಟ್ಟಲು ಕಾಫಿಗೆ ನೀರಿಡುತ್ತಿದ್ದ, ಒಂದು ಕುಡಿಯುತ್ತಿದ್ದ, ಇನ್ನೊಂದನ್ನು ತೊಟ್ಟಿಗೆ ಸುರಿಯುತ್ತಿದ್ದ. ಇದನ್ನು ಯಾರಿಗಾದರೂ ಹೇಳಬೇಕೆಂದು ಅವನಿಗೆ ಬಹಳ ದಿನದಿಂದ ಅನ್ನಿಸುತ್ತಿತ್ತು. ಯಾರಿಗಾದರೂ ಏನು, ಜಂದೀರಾಗೇ ಹೇಳಬೇಕು. ಕೊಂಬಿಯ ಮುಂದಿನ ಸೀಟಿನಲ್ಲಿ ಆಕೆ ಪಕ್ಕದಲ್ಲಿ ಕೂತಿರುವಾಗ, ಸಮುದ್ರ ಕಾಣಿಸುವ ತಿರುವಿನಲ್ಲಿ, ಕಣ್ಣು ರಸ್ತೆಯ ಮೇಲೇ ಇಟ್ಟುಕೊಂಡು, ಏನೂ ಅಲ್ಲ ಎನ್ನುವ ಹಾಗೆ ಹೇಳಬೇಕು: 'ನೋಡಿ, ನಾನು ದಿನಾ ಎರಡು ಬಟ್ಟಲು ಕಾಫಿ ಮಾಡ್ತೀನಿ.' ಅಷ್ಟೇ. ಮುಂದಿನದು ಆಕೆಗೆ ಬಿಟ್ಟದ್ದು.

ಶನಿವಾರ ಬೆಳಗ್ಗೆ ಬೇಗ ಎದ್ದು, ಮನೆಮುಂದಿನ ರಸ್ತೆಯಲ್ಲೇ ವ್ಯಾನಿಗೆ ಜಾಕಿ ಕೊಟ್ಟ.

ಆ ಗುಡ್ಡದ ಬೀದಿಯಲ್ಲಿ ಗಾಡಿ ಜಾಕಿಯ ಮೇಲೆ ಏರಿತು ಅಂದರೆ ಅದು ಮಾಲೀಕನದಲ್ಲ, ಸಾರ್ವಜನಿಕರದು. ಸಾವಿನ ಮನೆಗೆ ಹೋಗುತ್ತಿರುವವರೂ ಒಂದು ನಿಮಿಷ ನಿಂತು ಸಲಹೆ ಕೊಟ್ಟೇ ಮುಂದೆ ಹೋಗುತ್ತಾರೆ. ಮೊದಲು ಬಂದವನು ನಿವಾಲ್ದೊ. ಜೀವಮಾನವೆಲ್ಲ ಬಸ್ಸು ಓಡಿಸಿದವನು. ಈಗ ಓಡಿಸಲು ಬಸ್ಸಿಲ್ಲದೆ ಬೀದಿಯವರನ್ನು ಓಡಿಸುತ್ತಿದ್ದ.

"ಏನಯ್ಯಾ, ಮುದುಕಿಗೆ ಬೆಳ್ಳಿ ಕಾಲ್ಗೆಜ್ಜೆ ತೊಡಿಸ್ತಿದೀಯ?"

ಅಜೆನೋರ ಹಳೇ ಚಕ್ರ ಬಿಚ್ಚಿ ಹೊಸದನ್ನು ಎತ್ತಿ ಹಿಡಿದಿದ್ದ. ಅದು ಒಳಕ್ಕೆ ಹೋಗುತ್ತಿರಲಿಲ್ಲ. ಬೋಲ್ಟಿನ ತೂತುಗಳೇನೋ ಸರಿಯಾಗಿ ಎದುರುಬದುರಾಗಿದ್ದವು; ಆದರೆ ಚಕ್ರದ ನಟ್ಟನಡುವಿನ ದೊಡ್ಡ ತೂತು ಚಿಕ್ಕದು, ವ್ಯಾನಿನ ಅಚ್ಚಿನ ತುದಿಯಲ್ಲಿ ಉಬ್ಬಿಕೊಂಡಿದ್ದ ಗುಬ್ಬಿ ದಪ್ಪ. ಮಗಳ ಬಳೆಯನ್ನು ತಾಯಿಯ ಕೈಗೆ ಏರಿಸಿದ ಹಾಗಾಯಿತು. ಎಲ್ಲ ಅಳೆದವನು ಅದೊಂದನ್ನು ಅಳೆದಿರಲಿಲ್ಲ.

"ಸುತ್ತಿಗೆ ತಗೊಂಡು ಎರಡು ಕೊಡು, ಹೋಗುತ್ತೆ," ಅಂದ ನಿವಾಲ್ದೊ.

"ಸುತ್ತಿಗೆ ಏಟಿಗೆ ಅಲ್ಯೂಮಿನಿಯಂ ಬಿರುಕು ಬಿಡುತ್ತೆ. ಸುರಕ್ಷತೆ ಮೊದಲು."

"ಹಾಗಾದ್ರೆ ಅರದಲ್ಲಿ ಉಜ್ಜು."

"ಉಜ್ಜಿದ್ರೆ ತೂತು ಗುಂಡಗೆ ಇರಲ್ಲ. ಚಕ್ರ ನಡು ತಪ್ಪಿ ಅದುರುತ್ತೆ. ಸುರಕ್ಷತೆ ಮೊದಲು."

ಅಷ್ಟರಲ್ಲಿ ಪಕ್ಕದ ಮನೆಯ ಡೋನ ಕಾರ್ಮೊಜೀನಾ ಕಿಟಕಿಯಿಂದ ಇಣುಕಿದಳು. "ಒದಿಲೋನನ ಮನೇಲಿ ಲೇತು ಇದೆಯಲ್ಲಪ್ಪ, ಅವನನ್ನ ಕರೀರಿ," ಎಂದು ಹೇಳಿ, ಇವರು ಕರೆಯುವ ಮೊದಲೇ ತಾನೇ ಇಡೀ ಗುಡ್ಡಕ್ಕೆ ಕೇಳುವ ಹಾಗೆ ಕೂಗಿದಳು. ಒದಿಲೋನ ಗಲ್ಲಕ್ಕೆ ಸೋಪಿನ ನೊರೆ ಹಚ್ಚಿಕೊಂಡೇ ಓಡಿಬಂದ.

ಚಕ್ರ ನೋಡಿದ, ತಿರುಗಿಸಿದ, ತಟ್ಟಿ ಸದ್ದು ಕೇಳಿದ. "ಟೈರು ಬಿಚ್ಚಿ ಲೇತಿಗೆ ಕಟ್ಟಿ ನಡುವಿನ ತೂತು ಒಂದಿಷ್ಟು ಹೆರೆದುಬಿಡೋಣ. ಗುಬ್ಬಿಗೆ ಬಿಗಿಯಾಗಿ ಕೂರೋ ಹಾಗೆ, ಕೂದಲೆಳೆ ಜಾಗ ಉಳೀಬಾರದು. ಬಾ."

"ಎಷ್ಟು ಕೊಡಬೇಕು ಹೇಳಿಬಿಡು," ಅಂದ ಅಜೆನೋರ.

ಒದಿಲೋನನಿಗೆ ಸಿಟ್ಟು ಬಂತು. "ದುಡ್ಡಿನ ಮಾತೆತ್ತಿದ್ರೆ ಲೇತು ಆಫ್ ಮಾಡ್ತೀನಿ ನೋಡು! ನಮ್ಮನೆ ತಾರಸಿ ಹಾಕಿದ ದಿನ ಇಡೀ ಬೀದಿ ಕಾಂಕ್ರೀಟು ಹೊತ್ತಿರ್ಲಿಲ್ವಾ? ಯಾರಿಗಾದ್ರೂ ದುಡ್ಡು ಕೊಟ್ನಾ? ಕೈಜೋಡಿಸಿದೋರಿಗೆಲ್ಲ ಊಟ ಹಾಕ್ದೆ. ಮನೆ ಯಜಮಾನ ಕೊನೇಲಿ ತಾನೆ ಉಣ್ಣೋದು? ನನ್ನ ಸರದಿ ಬರೋ ಹೊತ್ತಿಗೆ ಪಾತ್ರೇಲಿ ಉಳಿದಿದ್ದು ಹಂದಿಯ ಒಂದು ಕಿವಿ. ತಿಂದ್ನೋ ಇಲ್ವೋ? ಅದೇ ನಮ್ಮ ಪದ್ಧತಿ."

ಅಜೆನೋರ ಚಕ್ರ ಎತ್ತಿಕೊಂಡು ಅವನ ಹಿಂದೆ ನಡೆದ. ಅವನ ತಲೆಯಲ್ಲಿದ್ದುದು ಒಂದೇ: ಸಂಜೆಯೊಳಗೆ ನಾಲ್ಕು ಚಕ್ರ, ಮುಂದಿನ ಸೀಟು, ಜಂದೀರಾ.

ಲೇತಿನ ಮುಂದೆ ನಿಂತಾಗ ಅವನ ಗಿರಣಿಯ ಕಣ್ಣಿಗೆ ಚಕ್ರದ ಹಿಂಬದಿಯಲ್ಲಿ ಅಚ್ಚೊತ್ತಿದ್ದ ಒಂದು ಅಂಕಿ ಬಿತ್ತು. ಚಕ್ರ ಎಷ್ಟು ಭಾರ ಹೊರಬಹುದು ಎಂಬ ಲೆಕ್ಕ ಅದು. ತಕ್ಷಣ ಸೀಮೆಸುಣ್ಣ ತೆಗೆದುಕೊಂಡು ನೆಲದ ಮೇಲೆ ಕೂತ. ನಾಲ್ಕು ಚಕ್ರ ಹೊರುವ ಭಾರ ಇಷ್ಟು, ಅದರಲ್ಲಿ ವ್ಯಾನಿನ ಮೈಭಾರ ಕಳೆದರೆ ಇಷ್ಟು, ಉಳಿದದ್ದಕ್ಕೆ ಮನುಷ್ಯರು ಇಷ್ಟು.

"ಒಂಬತ್ತು ಸೀಟೂ ತುಂಬಿಸೋ ಹಾಗಿಲ್ಲ," ಎಂದು ಗಂಭೀರವಾಗಿ ಸಾರಿದ. "ಎಂಟೇ ಜನ. ಒಂಬತ್ತನೆಯವನು ಹತ್ತಿದ್ರೆ ಚಕ್ರ ಒಡೆದ್ರೂ ಒಡೀಬಹುದು. ಎಲ್ಲರೂ ಕೇಳಿಸ್ಕೊಂಡ್ರಾ? ಎಂಟು."

ನಿವಾಲ್ದೊ ಹೊಟ್ಟೆ ಹಿಡಿದುಕೊಂಡು ನಕ್ಕ. "ಒಂಟಿ ಮನುಷ್ಯನಿಗೆ ಎಂಟು ಸೀಟು ಸಾಕಾಗಲ್ವೇನಯ್ಯಾ?"

ಎಲ್ಲರೂ ನಕ್ಕರು. ಅಜೆನೋರನೂ ನಕ್ಕ. ಆ ಮಾತು ಎದೆಯಲ್ಲಿ ಎಲ್ಲೋ ಚುಚ್ಚಿತು. ಆದರೆ ಇಂದು ಸಂಜೆಗೆ ತನಗೆ ಬೇಕಾದ್ದು ಎರಡೇ ಸೀಟು ಎಂದು ನೆನೆದುಕೊಂಡ.

ನಾಲ್ಕು ತೂತು ಹೆರೆಯುವಷ್ಟರಲ್ಲಿ ಮಧ್ಯಾಹ್ನವಾಯಿತು. ಒದಿಲೋನನ ಹೆಂಡತಿ ಎಲ್ಲರಿಗೂ ಕಾಫಿ ತಂದಳು. ಮತ್ತೆ ಟೈರು ಏರಿಸಿ, ಚಕ್ರವನ್ನು ವ್ಯಾನಿಗೆ ಇಟ್ಟರೆ, ಆಹಾ, ಬೆಣ್ಣೆಗೆ ಚಾಕು ಇಳಿದ ಹಾಗೆ ಕೂತಿತು. ನಿವಾಲ್ದೊ ಹಳೇ ಬೋಲ್ಟು ಎತ್ತಿಕೊಂಡು ತಿರುಗಿಸಲು ಹೊರಟ.

"ನಿಲ್ಲು!" ಅಜೆನೋರ ಬೋಲ್ಟು ಕಿತ್ತುಕೊಂಡ. ಹಳೇ ಬೋಲ್ಟಿನ ಕುತ್ತಿಗೆ ಗುಂಡಗಿತ್ತು, ಹೊಸ ಚಕ್ರದ ತೂತು ಆಲಿಕೆಯ ಹಾಗೆ ಓರೆಯಾಗಿತ್ತು. "ಗುಂಡು ಕುತ್ತಿಗೆ ಆಲಿಕೆ ಒಳಗೆ ಕೂತ್ರೆ ತುದೀಲಿ ಮಾತ್ರ ತಾಗುತ್ತೆ. ಗುಡ್ಡ ಇಳಿಯೋದ್ರೊಳಗೆ ಸಡಿಲ ಆಗುತ್ತೆ."

"ನಾನು ಬಸ್ಸಲ್ಲಿ ಎಂಥೆಂಥಾ ಬೋಲ್ಟು ಹಾಕಿಲ್ಲ! ಬಲವಾಗಿ ತಿರುಗಿಸಿದ್ರೆ ಅದೇ ಕೂರುತ್ತೆ."

"ಆಮೇಲೆ ಚಕ್ರ ನಮಗಿಂತ ಮೊದಲು ಸಮುದ್ರ ಸೇರುತ್ತೆ. ಓರೆ ಕುತ್ತಿಗೆ ಬೋಲ್ಟೇ ಬೇಕು, ಸ್ವಲ್ಪ ಉದ್ದದ್ದು ಬೇಕು."

ಶನಿವಾರ ಮಧ್ಯಾಹ್ನ ಅಂಗಡಿಗಳೆಲ್ಲ ಮುಚ್ಚಿದ್ದವು. ಎಲ್ಲರೂ ಸೊಂಟದ ಮೇಲೆ ಕೈಯಿಟ್ಟು ನಿಂತರು. ಆಗ ಡೋನ ಕಾರ್ಮೊಜೀನಾ ಒಳಗೆ ಹೋದಳು. ಬರುವಾಗ ಒಂದು ತಗಡಿನ ಪೆಟ್ಟಿಗೆ ತಂದಿದ್ದಳು. ಟ್ಯಾಕ್ಸಿ ಓಡಿಸುತ್ತಿದ್ದ ಅವಳ ಗಂಡ ತೀರಿಕೊಂಡಾಗಿನಿಂದ ಅದು ಮಂಚದ ಕೆಳಗೆ ಇತ್ತಂತೆ, ಮುಚ್ಚಳ ತೆಗೆದಿರಲಿಲ್ಲವಂತೆ.

"ನೋಡಿ, ಇದರಲ್ಲಿ ಏನಾದ್ರೂ ಆಗುತ್ತಾ," ಅಂದಳು. ಸದಾ ಕೂಗಿ ಮಾತಾಡುವವಳ ದನಿ ತಗ್ಗಿತ್ತು.

ಎಣ್ಣೆ ಕಾಗದದಲ್ಲಿ ಸುತ್ತಿಟ್ಟ ಬೋಲ್ಟುಗಳು. ಕುತ್ತಿಗೆ ಓರೆ, ಉದ್ದವೂ ಸರಿ. ಅಜೆನೋರ ಒಂದನ್ನು ಬೆರಳಿನಲ್ಲೇ ತಿರುಗಿಸಿ ನೋಡಿದ. ಎಲ್ಲೂ ತಡೆಯದೆ ಹೋಯಿತು. "ಡೋನ ಕಾರ್ಮೊಜೀನಾ, ನಿಮ್ಮೆಜಮಾನರು ಬಹಳ ಅಚ್ಚುಕಟ್ಟು," ಅಂದ. ಆಕೆ ಕಣ್ಣು ಒರೆಸಿಕೊಂಡು, "ಅಚ್ಚುಕಟ್ಟೇನೋ ಹೌದು, ಗೊರಕೆ ಒಂದು ಬಿಟ್ರೆ," ಅಂದಳು. ಆಮೇಲೆ ಈ ಸಂತೋಷದ ಸುದ್ದಿ ತಿಳಿಸಲು ತನ್ನಿಬ್ಬರು ನಾದಿನಿಯರನ್ನೂ ಕೂಗಿ ಕರೆದಳು.

ಕೊನೆಯ ಕಂಟಕ ಹಿಂದಿನ ಚಕ್ರದಲ್ಲಿತ್ತು. ಜಾಕಿ ಇಳಿಸಿದ ಕೂಡಲೇ ಟೈರು ಮಡ್‌ಗಾರ್ಡಿನ ಒಳಅಂಚಿಗೆ ಬೆರಳು ತೂರದಷ್ಟು ಹತ್ತಿರವಾಯಿತು. ಹಳ್ಳ ದಿಣ್ಣೆ ಬಂದಾಗ ಆ ತಗಡಿನ ಅಂಚು ಟೈರನ್ನು ಕೊಯ್ದುಬಿಡುತ್ತದೆ. ಅಂಚನ್ನು ಒಳಕ್ಕೆ ಮಡಿಸಬೇಕು.

"ಗುಂಡನೆ ಗಟ್ಟಿ ಮರ ಇದ್ರೆ ಟೈರಿಗೂ ತಗಡಿಗೂ ನಡುವೆ ಇಟ್ಟು, ವ್ಯಾನನ್ನ ಹಿಂದಕ್ಕೂ ಮುಂದಕ್ಕೂ ತಳ್ಳಿದ್ರೆ ಸಾಕು," ಅಂದ ಒದಿಲೋನ.

"ನನ್ನ ಲಟ್ಟಣಿಗೆ ಆಗುತ್ತಾ?"

ಎಲ್ಲರೂ ತಿರುಗಿ ನೋಡಿದರು. ಡೋನ ಜಂದೀರಾ! ಕೈಯಲ್ಲಿ ಹಿಟ್ಟಿನ ಲಟ್ಟಣಿಗೆ ಹಿಡಿದು ರಸ್ತೆ ದಾಟಿ ಬಂದಿದ್ದಳು. ಅಜೆನೋರ ಎಣ್ಣೆಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ದೇವರ ಪ್ರಸಾದ ತೆಗೆದುಕೊಂಡ ಹಾಗೆ ಎರಡೂ ಕೈಯಲ್ಲಿ ತೆಗೆದುಕೊಂಡ.

ಕೆಲಸ ಶುರುವಾಯಿತು. ಬ್ರೇಕು ಹಿಡಿಯಲು ನಿವಾಲ್ದೊನನ್ನು ಒಳಗೆ ಕೂರಿಸಿದರು. ಹೆಂಗಸರು ಮುಂದಿನಿಂದ, ಒದಿಲೋನ ಹಿಂದಿನಿಂದ. ಅಜೆನೋರ ಚಕ್ರದ ಪಕ್ಕ ಮಂಡಿಯೂರಿ ಲಟ್ಟಣಿಗೆ ಹಿಡಿದ. ತಳ್ಳಿ! ತಗಡು ಕರಕರ ಎಂದು ಮಡಿಯಿತು. ಇನ್ನೊಂದು ಪಕ್ಕದ್ದೂ ಮಡಿಯತೊಡಗಿತು.

"ಹಾಗಲ್ಲ, ಹಾಗಲ್ಲ, ಎಲ್ಲರೂ ಒಟ್ಟಿಗೆ ತಳ್ಳಬೇಕು! ತೋರಿಸ್ತೀನಿ ಇರಿ," ಎನ್ನುತ್ತ ನಿವಾಲ್ದೊ ವ್ಯಾನಿನಿಂದ ಕೆಳಗಿಳಿದ.

ಅಷ್ಟೇ. ಹ್ಯಾಂಡ್ ಬ್ರೇಕಿಗೂ ವಯಸ್ಸಾಗಿತ್ತು. ಕೊಂಬಿ ಮೊದಲು ಯೋಚಿಸುವ ಹಾಗೆ ಸ್ವಲ್ಪ ನಿಧಾನಿಸಿ, ಆಮೇಲೆ ಇಳಿಜಾರಿನಲ್ಲಿ ಹಿಮ್ಮುಖವಾಗಿ ಹೊರಟೇಬಿಟ್ಟಿತು. ಒದಿಲೋನ ಪಕ್ಕಕ್ಕೆ ಹಾರಿದ. ಅಜೆನೋರ ಮುಂದಿನ ಬಂಪರು ಹಿಡಿದುಕೊಂಡು, ಹಗ್ಗ ಬಿಚ್ಚಿಕೊಂಡ ಹೋರಿಯ ಹಿಂದೆ ಬಿದ್ದವನಂತೆ ಓಡಿದ. "ನಿಲ್ಲಿಸ್ರೋ! ನಿಲ್ಲಿಸ್ರೋ!" ಬೇಕರಿಯ ಓಲಾವೊ ಬಾಗಿಲ ಮುಂದೆ ಇಳಿಸಿಟ್ಟಿದ್ದ ಹಿಟ್ಟಿನ ಮೂಟೆಗಳಿಗೆ ಬೆನ್ನು ಕೊಟ್ಟು ವ್ಯಾನು ನಿಂತಿತು. ಒಂದು ಮೂಟೆ ಒಡೆದು ಬೀದಿಯೆಲ್ಲ ಬಿಳಿ ಮೋಡವಾಯಿತು. ಮೋಡದೊಳಗಿಂದ ಅಜೆನೋರ ತಲೆಯಿಂದ ಕಾಲಿನವರೆಗೆ ಬಿಳಿಯಾಗಿ ಹೊರಬಂದ. ವ್ಯಾನಿಗೆ ಒಂದು ಗೀರೂ ಬಿದ್ದಿರಲಿಲ್ಲ.

"ಕರಿದುಬಿಡಬಹುದು ನಿಮ್ಮನ್ನ!" ಎಂದು ಜಂದೀರಾ ರಸ್ತೆಬದಿಯ ಗೋಡೆ ಹಿಡಿದುಕೊಂಡು ನಕ್ಕಳು. ಆಕೆ ಹಾಗೆ ಮನಸಾರೆ ನಕ್ಕಿದ್ದನ್ನು ಅವನು ಹಿಂದೆ ಎಂದೂ ಕಂಡಿರಲಿಲ್ಲ. ರೆಪ್ಪೆಯ ಮೇಲಿನ ಹಿಟ್ಟನ್ನೂ ಒರೆಸಿಕೊಳ್ಳದೆ ನಿಂತ. ಬೆಳಗಿನಿಂದ ತಾನು ಒಂದು ಗಳಿಗೆಯೂ ಒಬ್ಬನೇ ಇರಲಿಲ್ಲ ಎಂದು ಆಗ ಹೊಳೆಯಿತು. ರೇಡಿಯೊ ಹಚ್ಚುವುದನ್ನೇ ಮರೆತಿದ್ದ.

ಓಲಾವೊನೂ ಹೆಗಲು ಕೊಟ್ಟು ವ್ಯಾನನ್ನು ಮೇಲಕ್ಕೆ ತಳ್ಳಿದ; ಉಳಿದ ಅಂಚೂ ಮಡಿಯಿತು. ಅಜೆನೋರ ಪ್ರತಿ ಬೋಲ್ಟನ್ನೂ ಇನ್ನೊಮ್ಮೆ ಬಿಗಿದ, ಚಕ್ರಗಳನ್ನು ತಿರುಗಿಸಿ ನೋಡಿದ, ಬೀದಿಯ ಕೊನೆಯವರೆಗೆ ಓಡಿಸಿ ಬಂದು ಮತ್ತೆ ಬಿಗಿದ. ಎಲ್ಲೂ ಉಜ್ಜಲಿಲ್ಲ, ಅದುರಲಿಲ್ಲ.

"ಈಗ ನಂಬಿಕೆ ಬಂತು ನೋಡಿ," ಅಂದಳು ಜಂದೀರಾ. "ಇಷ್ಟು ಜಾಗ್ರತೆ ಮಾಡೋ ಮನುಷ್ಯನ ಗಾಡೀಲಿ ಕಣ್ಣು ಮುಚ್ಕೊಂಡು ಕೂರಬಹುದು. ಹೊರಡೋಣ್ವಾ?"

"ಒಂದೇ ನಿಮಿಷ. ಸ್ನಾನ ಮಾಡಿ ಬಂದುಬಿಡ್ತೀನಿ."

ಅಜೆನೋರ ಮೂರು ಸಲ ಸೋಪು ಹಚ್ಚಿಕೊಂಡ. ಹೆಂಡತಿ ಹೊಲಿದುಕೊಟ್ಟಿದ್ದ ನೀಲಿ ಅಂಗಿಗೆ ಇಸ್ತ್ರಿ ಹಾಕಿದ, ಉಳಿದಿದ್ದ ಸೆಂಟು ಕೊಡವಿಕೊಂಡ. ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದ: 'ನೋಡಿ, ನಾನು ದಿನಾ ಎರಡು ಬಟ್ಟಲು ಕಾಫಿ ಮಾಡ್ತೀನಿ.' ಕಣ್ಣು ರಸ್ತೆಯ ಮೇಲೆ. ಸರಿಯಾಗಿ ಬಂತು.

ಹೊರಗೆ ಬಂದು ನೋಡಿದರೆ ವ್ಯಾನು ತುಂಬಿತ್ತು.

ಮುಂದಿನ ಸೀಟಿನಲ್ಲಿ ಜಂದೀರಾ, ಅವಳ ಪಕ್ಕ ಕಿಟಕಿಗೆ ನಿವಾಲ್ದೊ. ಹಿಂದೆ ಒದಿಲೋನ, ಅವನ ಹೆಂಡತಿ, ಡೋನ ಕಾರ್ಮೊಜೀನಾ, ಇಬ್ಬರು ನಾದಿನಿಯರು. ಕೊನೆಯಲ್ಲಿ ತಲೆ ಬಾಚಿಕೊಂಡು, ತೊಡೆಯ ಮೇಲೆ ಕೇಕಿನ ತಟ್ಟೆ ಇಟ್ಟುಕೊಂಡು ಓಲಾವೊ. ಕೈಜೋಡಿಸಿದವರಿಗೆಲ್ಲ ಪಾಲು, ಅದೇ ಪದ್ಧತಿ. ಯಾರೂ ಕೇಳುವ ಅಗತ್ಯವೇ ಇರಲಿಲ್ಲ.

ಹೋಗಲಿ, ಜಂದೀರಾ ಪಕ್ಕದಲ್ಲೇ ಇದ್ದಾಳಲ್ಲ, ಮೆಲ್ಲಗೆ ಹೇಳಿದರಾಯಿತು ಎಂದುಕೊಂಡು ಅಜೆನೋರ ಸ್ಟಿಯರಿಂಗಿನ ಹಿಂದೆ ಕೂತು ಕೀಲಿ ಹಾಕಿದ.

"ಅಜೆನೋರ್," ಎಂದು ಹಿಂದಿನಿಂದ ಡೋನ ಕಾರ್ಮೊಜೀನಾಳ ದನಿ ಬಂತು. "ಎಂಟೇ ಜನ ಅಂತ ನೀನೇ ಅಂದಿದ್ದೆ ತಾನೆ?"

ಅವನ ಕೈ ಕೀಲಿಯ ಮೇಲೇ ನಿಂತಿತು.

ಎಣಿಸಿದರು. ಒಂಬತ್ತು. ಹಿಂದಿನಿಂದ ಎಣಿಸಿದರೂ ಒಂಬತ್ತು.

"ಸೀಮೆಸುಣ್ಣದಲ್ಲಿ ಲೆಕ್ಕ ಹಾಕ್ದ, ನಾನೇ ನೋಡ್ದೆ," ಅಂದ ಒದಿಲೋನ. "ಚಕ್ರ ಒಡೀಬಹುದು ಅಂತಾನೂ ಅಂದ."

"ಒಬ್ಬರು ಜಾಸ್ತಿ ಆದ್ರೆ ಏನಾಗುತ್ತೆ ಬಿಡಿ," ಅಂದ ಅಜೆನೋರ, ಜೀವನದಲ್ಲಿ ಮೊದಲ ಬಾರಿಗೆ.

ವ್ಯಾನಿನೊಳಗೆ ಎಲ್ಲರೂ ಅವನನ್ನು ಬೇರೆ ಯಾರೋ ಎಂಬಂತೆ ನೋಡಿದರು. "ಅಯ್ಯೋ, ನೀವೇ ಹೀಗನ್ನೋದಾ?" ಜಂದೀರಾ ನಿವಾಲ್ದೊನನ್ನು ದಾಟಿ ಬಾಗಿಲ ಹಿಡಿಗೆ ಕೈಹಾಕಿದಳು. "ಸುರಕ್ಷತೆ ಮೊದಲು ಅಂತ ಇಡೀ ದಿನ ನೀವೇ ಹೇಳಿದ್ರಿ. ಅದಕ್ಕೇ ನಾನು ಬಂದಿದ್ದು. ಒಂಬತ್ತಾದ್ರೆ ನಾನು ಇಳೀತೀನಪ್ಪ."

ಅಜೆನೋರ ಹಿಂದಕ್ಕೆ ತಿರುಗಿದ. ಬೋಲ್ಟು ಕೊಟ್ಟವಳು ಕಿಟಕಿಯಾಚೆ ನೋಡಿದಳು. ಲೇತಿನವನು ಹೆಂಡತಿಯ ಕೈ ಹಿಡಿದುಕೊಂಡ. ನಾದಿನಿಯರು ಇನ್ನಷ್ಟು ಒತ್ತಿಕೊಂಡು ಕೂತರು. ಓಲಾವೊ ಒಡೆದ ಹಿಟ್ಟಿನ ಮೂಟೆಯನ್ನು ಎಲ್ಲರಿಗೂ ನೆನಪಿಸುವಂತೆ ಕೆಮ್ಮಿದ.

"ತಾರಸಿ ಹಾಕಿದ ದಿನ ನನಗೆ ಸಿಕ್ಕಿದ್ದು ಕಿವಿ," ಅಂದ ಒದಿಲೋನ, ಯಾರಿಗೂ ಅಲ್ಲ ಎನ್ನುವ ಹಾಗೆ.

ಅಜೆನೋರನಿಗೆ ಅರ್ಥವಾಯಿತು. "ಹಾಗಾದ್ರೆ ನಾನೇ ಇಳೀತೀನಿ," ಅಂದ. ಮರ್ಯಾದೆಗೆ ಅಂದದ್ದು. 'ಛೆ ಛೆ, ನೀನು ಇಳಿಯೋದುಂಟಾ' ಎನ್ನಲು ಅವರಿಗೆ ಸಮಯವಾಗಲಿ ಎಂದು ಬಾಗಿಲನ್ನು ಬಹಳ ನಿಧಾನವಾಗಿ ತೆರೆದ. ಒಂದು ಕಾಲು ಕೆಳಗಿಟ್ಟ. ಇನ್ನೊಂದು ಕಾಲನ್ನೂ ಇಡುವಷ್ಟರಲ್ಲಿ ನಿವಾಲ್ದೊ ಮುಂದಿನಿಂದ ಸುತ್ತಿ ಬಂದು ಸ್ಟಿಯರಿಂಗಿನ ಹಿಂದೆ ಕೂತು ಸೀಟು ಸರಿಮಾಡಿಕೊಳ್ಳುತ್ತಿದ್ದ.

"ಏನೂ ಯೋಚನೆ ಮಾಡ್ಬೇಡ ಕಣಯ್ಯಾ, ಬಸ್ಸು ಓಡಿಸಿದ ಕೈ ಇದು."

"ನೀವು ಎಷ್ಟು ಒಳ್ಳೇವರು ಅಜೆನೋರ್," ಅಂದಳು ಜಂದೀರಾ. ದನಿಯಲ್ಲಿ ನಿಜವಾದ ಅಕ್ಕರೆಯಿತ್ತು; ಅವನಿಗೆ ಹೆಚ್ಚು ನೋವಾದದ್ದು ಅದಕ್ಕೇ. ವ್ಯಾನು ಹೊರಟಾಗ ಆಕೆ ನಿವಾಲ್ದೊನ ಮೇಲಿಂದ ಬಾಗಿ ಕಿಟಕಿಯಾಚೆ ತಲೆ ಹಾಕಿದಳು. "ನೀವು ಇರೋದು ಒಳ್ಳೇದೇ ಆಯ್ತು! ಒಲೆ ಮೇಲೆ ಹುರುಳಿಕಾಳು ಬೇಯೋಕಿಟ್ಟು ಮರೆತೇ ಬಂದೆ. ಹೂಕುಂಡದ ಕೆಳಗೆ ಕೀಲಿ ಇದೆ, ಆರಿಸಿಬಿಡಿ!"

"ಮೀನಿನ ತಲೆ ತಂದುಕೊಡ್ತೀವಿ!" ಎಂದು ಒದಿಲೋನ ಕೂಗಿದ.

ಎಂಟು ಜನರನ್ನು ಹೊತ್ತ ಕೊಂಬಿ ನಾಲ್ಕು ಬೆಳ್ಳಿಯ ಚಕ್ರಗಳ ಮೇಲೆ, ಚೂರೂ ವಾಲದೆ, ನೀರಿನ ಮೇಲೆ ತೇಲಿದ ಹಾಗೆ ಗುಡ್ಡ ಇಳಿದು ತಿರುವಿನಲ್ಲಿ ಮರೆಯಾಯಿತು. ಬೀದಿ ಖಾಲಿಯಾಯಿತು. ಅಷ್ಟೊಂದು ಸದ್ದಿದ್ದ ಜಾಗದಲ್ಲಿ ಈಗ ಹಿಟ್ಟಿನ ಮೇಲೆ ಮೂಡಿದ ಹೆಜ್ಜೆಗುರುತುಗಳು ಮಾತ್ರ ಇದ್ದವು. ಇಂಥ ಮೌನ ತನ್ನ ಮನೆಯೊಳಗೆ ಮಾತ್ರ ಇರುವುದು ಎಂದುಕೊಂಡಿದ್ದ ಅಜೆನೋರ. ಅದು ಬೀದಿಗೂ ಬಂದಿತ್ತು.

ರಸ್ತೆಬದಿಯಲ್ಲಿ ಹಳೆಯ ನಾಲ್ಕು ಕಬ್ಬಿಣದ ಚಕ್ರಗಳು ಬಿದ್ದಿದ್ದವು. ಒಳಗೆ ಎತ್ತಿಡೋಣವೆಂದು ಬಾಗಿದಾಗ, ತುಕ್ಕಿನ ಕೆಳಗೆ ಅಲ್ಲೂ ಒಂದು ಅಂಕಿ ಕಂಡಿತು. ಹೆಬ್ಬೆರಳಲ್ಲಿ ಉಜ್ಜಿ ಓದಿದ. ನಿಂತಲ್ಲೇ ಲೆಕ್ಕ ಹಾಕಿದ. ಒಂಬತ್ತು ಜನ, ಓಲಾವೊನ ಕೇಕು, ಬರುವಾಗ ಎರಡು ಬುಟ್ಟಿ ಮೀನು, ಎಲ್ಲ ಹೊತ್ತರೂ ಆ ಚಕ್ರಗಳಿಗೆ ಇನ್ನೂ ಶಕ್ತಿ ಉಳಿಯುತ್ತಿತ್ತು. ಸೊಟ್ಟಗಾದ ಒಂದನ್ನು ಬಡಿದು ನೆಟ್ಟಗೆ ಮಾಡಿಸಿದ್ದರೆ ಸಾಕಾಗಿತ್ತು.

ಕೀಲಿ ಹೂಕುಂಡದ ಕೆಳಗೇ ಇತ್ತು. ಜಂದೀರಾಳ ಅಡುಗೆಮನೆಗೆ ಕಾಲಿಡಲು ಅವನು ಎಷ್ಟೋ ದಿನದಿಂದ ಆಸೆಪಟ್ಟಿದ್ದ, ಇಂದು ಕಾಲಿಟ್ಟ. ಕಾಳು ಹದವಾಗಿ ಬೆಂದಿತ್ತು. ಒಲೆ ಆರಿಸಿದ. ಇಸ್ತ್ರಿ ಹಾಕಿದ ಅಂಗಿಯಲ್ಲಿ, ಸೆಂಟಿನ ವಾಸನೆಯಲ್ಲಿ, ಸ್ವಲ್ಪ ಹೊತ್ತು ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದ. ಆಮೇಲೆ ಇನ್ನೊಂದು ಒಲೆ ಹಚ್ಚಿ ಕಾಫಿಗೆ ನೀರಿಟ್ಟ, ಅಭ್ಯಾಸದಂತೆ ಎರಡು ಬಟ್ಟಲಿಗೆ. ಎರಡನ್ನೂ ಮೇಜಿನ ಮೇಲೆ ಎದುರುಬದುರಾಗಿ ಇಟ್ಟ.

"ನೋಡಿ, ನಾನು ದಿನಾ ಎರಡು ಬಟ್ಟಲು ಕಾಫಿ ಮಾಡ್ತೀನಿ," ಎಂದು ಖಾಲಿ ಕುರ್ಚಿಗೆ ಹೇಳಿದ. ಮಾತು ಕನ್ನಡಿಯ ಮುಂದೆ ಬಂದದ್ದಕ್ಕಿಂತ ಚೆನ್ನಾಗಿ ಬಂತು.

ಬೇರೆಯವರ ಮನೆಯ ತೊಟ್ಟಿಗೆ ಕಾಫಿ ಚೆಲ್ಲುವುದು ಸರಿಯಲ್ಲ ಎಂದು, ಅಂದು ಎರಡನ್ನೂ ತಾನೇ ಕುಡಿದ.